ಗಾಜಿನ ಮೇಷ್ಟ್ರ ಬಲಗಾಲು

ಡ್ರೈವಿಂಗ್ ಶಾಲೆಯ ಕಾರೆಂದರೆ ಮೈತುಂಬ ಗಾಯ ಇರಬೇಕು. ಬಂಪರ್ ಒಂದು ಕಡೆ ಜೋತುಬಿದ್ದಿರಬೇಕು, ಬಾಗಿಲಿಗೆ ಯಾರದೋ ಗೋಡೆಯ ಸುಣ್ಣ ಹತ್ತಿರಬೇಕು. ನನ್ನ ಭಾವನ ಕಾರು ಹಾಗಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವರು ಮೂರು ಕಾರು ಇಟ್ಟರು, ಮೂರರ ಮೈಮೇಲೂ ಒಂದು ಗೀರು ಇರಲಿಲ್ಲ. ಹಳೆಯದನ್ನು ಕೊಳ್ಳಲು ಬಂದವರು ಇದು ಶಾಲೆಯ ಕಾರು ಎಂದರೆ ನಂಬುತ್ತಿರಲಿಲ್ಲ. ಈ ಸಂಗತಿಯನ್ನು ನಾನು ಎಷ್ಟು ಜನರ ಮುಂದೆ ಎಷ್ಟು ಸಲ ಕೊಚ್ಚಿಕೊಂಡಿದ್ದೇನೋ ಲೆಕ್ಕವಿಲ್ಲ. ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳಬೇಕೆನಿಸುತ್ತದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಊರಿಗೆಲ್ಲ ಅವರು ಗಾಜಿನ ಮೇಷ್ಟ್ರು. ಶಾಲೆ ತೆಗೆಯುವುದಕ್ಕೆ ಮೊದಲು ಎಂಟು ವರ್ಷ ಗಾಜಿನ ಹಾಳೆ ಸಾಗಿಸುವ ಲಾರಿ ಓಡಿಸುತ್ತಿದ್ದರು. ಆಳೆತ್ತರದ ಹಾಳೆಗಳನ್ನು ಮರದ ಚೌಕಟ್ಟಿನಲ್ಲಿ ಒರಗಿಸಿ ನಿಲ್ಲಿಸಿರುತ್ತಿದ್ದರು. ಒಂದು ಗುಂಡಿಗೆ ಧಡ್ಡನೆ ಇಳಿಸಿದರೆ, ಒಂದು ಸಲ ಗಕ್ಕನೆ ಬ್ರೇಕು ಹಾಕಿದರೆ ಹಿಂದೆ ಎಲ್ಲ ಪುಡಿಪುಡಿ. ಎಂಟು ವರ್ಷದಲ್ಲಿ ಒಂದು ಹಾಳೆಯೂ ಬಿರುಕು ಬಿಡಲಿಲ್ಲ. ಎಲ್ಲಿ ನಿಲ್ಲಿಸಬೇಕೋ ಅದಕ್ಕಿಂತ ನಾಲ್ಕು ಮಾರು ಮೊದಲೇ ಅವರ ಕಾಲು ಕೆಲಸ ಶುರುಮಾಡಿರುತ್ತಿತ್ತು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಲಾರಿ ನಿಲ್ಲುತ್ತಿತ್ತು. ಮಾತೂ ಅಷ್ಟೇ ಮೆತ್ತಗೆ. ನಾನು ಒಂದು ದಿನದಲ್ಲಿ ಬೈದಷ್ಟನ್ನು ಅವರು ಇಡೀ ಜನ್ಮದಲ್ಲಿ ಬೈದಿರಲಿಕ್ಕಿಲ್ಲ.

ಮನೆಯ ಮುಂದಿನ ಎರಡು ಕೋಣೆಯೇ ಶಾಲೆ. ಒಂದರಲ್ಲಿ ನನ್ನ ಮೇಜು, ಅರ್ಜಿಗಳ ಕಟ್ಟು, ಅಂಟಿನ ಬಾಟಲಿ, ಫೋಟೋ ಕತ್ತರಿಸುವ ಕತ್ತರಿ. ಇನ್ನೊಂದರಲ್ಲಿ ನಾಲ್ಕು ಬೆಂಚು, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ದೊಡ್ಡ ಪಟ, ಒಂದು ಕೋಲು. ಕಾರು ಕಲಿಸುವುದು ಭಾವನ ಪಾಲು. ಕಲಿಯುವವರ ಲೈಸೆನ್ಸು ಮಾಡಿಸಿಕೊಟ್ಟು ನಿಯಮ ಹೇಳಿಕೊಡುವುದು ನನ್ನ ಪಾಲು. ಆ ಕೋಲು ಪಟ ತೋರಿಸಲಿಕ್ಕೆ ಇತ್ತು. ನನ್ನ ಮುಖ ನೋಡಿದವರು ಬೇರೆಯೇ ತಿಳಿದುಕೊಳ್ಳುತ್ತಿದ್ದರು, ನಾನೂ ತಿದ್ದುತ್ತಿರಲಿಲ್ಲ.

ಆ ನಿಯಮಗಳು ನನಗೆ ನಿದ್ದೆಯಲ್ಲೂ ಬರುತ್ತವೆ. ಈ ಲೈಸೆನ್ಸಿನ ಆಯುಸ್ಸು ಆರೇ ತಿಂಗಳು. ಮೊದಲ ಮೂವತ್ತು ದಿನ ಪರೀಕ್ಷೆಯ ಹೆಸರೆತ್ತುವಂತಿಲ್ಲ. ಕಾರಿನ ಹಿಂದೆ ಮುಂದೆ ಕೆಂಪು ಎಲ್ ಬೋರ್ಡು ಇರಲೇಬೇಕು. ಒಬ್ಬರೇ ಓಡಿಸುವಂತಿಲ್ಲ, ಬೀದಿ ಕೊನೆಯ ಅಂಗಡಿಗೂ ಹೋಗುವಂತಿಲ್ಲ. ಪಕ್ಕದಲ್ಲಿ ಪೂರ್ತಿ ಲೈಸೆನ್ಸು ಇರುವವರು, ಬೇಕೆಂದಾಗ ಕಾರು ನಿಲ್ಲಿಸಬಲ್ಲವರು ಕೂತಿರಬೇಕು. ಅವರನ್ನು ಬಿಟ್ಟು ಮೂರನೆಯವರನ್ನು ಹತ್ತಿಸಿಕೊಳ್ಳುವಂತಿಲ್ಲ. ಇದನ್ನು ಕೇಳಿದ ಒಬ್ಬ ವಕೀಲ, "ನಿಂತ ಕಾರಲ್ಲಿ ಒಬ್ಬನೇ ಕೂತ್ಕೋಬಹುದಾ ಮೇಡಂ?" ಎಂದು ಕೇಳಿದ್ದ. "ಕೂತ್ಕೊಳ್ಳಿ. ಹಾರನ್ ಮಾತ್ರ ಮುಟ್ಟಬೇಡಿ, ನಿಮಗೆ ಮಾತು ಜಾಸ್ತಿ" ಅಂದಿದ್ದೆ. ಇನ್ನೊಬ್ಬಾಕೆ ಪಕ್ಕದ ಸೀಟಿಗೆ ತನ್ನ ಅತ್ತೆಯನ್ನೇ ಕರೆತಂದಿದ್ದಳು. ಅತ್ತೆಗೆ ಲೈಸೆನ್ಸ್ ಇರಲಿಲ್ಲ. ಸೊಸೆಯನ್ನು ಬೇಕೆಂದಾಗ ನಿಲ್ಲಿಸುವ ಶಕ್ತಿ ಮಾತ್ರ ಇತ್ತು.

ಈ ಕೊನೆಯ ಎರಡು ನಿಯಮಗಳೇ ನಮ್ಮನ್ನು ಇಪ್ಪತ್ತೆರಡು ವರ್ಷ ಕಾಪಾಡಿದವು. ಕಾಪಾಡಿದವು ಎನ್ನಬೇಕೋ, ಕಣ್ಣು ಕಟ್ಟಿದವು ಎನ್ನಬೇಕೋ, ಕೇಳಿದವರೇ ಹೇಳಬೇಕು.

ನಮ್ಮ ಕಾರಿನಲ್ಲಿ ಬ್ರೇಕು ಎರಡು. ಕಲಿಯುವವರ ಕಾಲಡಿ ಒಂದು, ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲಡಿ ಒಂದು. ಎರಡಕ್ಕೂ ನಡುವೆ ಒಂದೇ ಕಂಬಿ. ಮೇಷ್ಟ್ರು ತಮ್ಮದನ್ನು ಒತ್ತಿದರೆ ಕಲಿಯುವವರದ್ದೂ ಜೊತೆಗೇ ಕೆಳಗೆ ಹೋಗುತ್ತದೆ. ಮೂರನೆಯವರು ಕಾರಿನಲ್ಲಿ ಇರುವಂತಿಲ್ಲವಾದ್ದರಿಂದ ಭಾವ ಹೇಗೆ ಕಲಿಸುತ್ತಾರೆಂದು ಯಾರೂ ಕೂತು ನೋಡಿದವರಿಲ್ಲ. ಪರೀಕ್ಷೆಯ ದಿನವೂ ಪಕ್ಕದ ಸೀಟಿನಲ್ಲಿ ಭಾವನೇ. ನಮ್ಮ ಹಳೆಯ ಇನ್ಸ್‌ಪೆಕ್ಟರಿಗೆ ಸೊಂಟನೋವು. ಅವರು ಹಿಂದಿನ ಸೀಟಿನಲ್ಲಿ ಅಡ್ಡಲಾಗಿ ಕೂತು, ತೊಡೆಯ ಮೇಲೆ ಕಾಗದ ಇಟ್ಟುಕೊಂಡು, "ನಿಲ್ಲಿಸಿ", "ತಿರುಗಿಸಿ" ಅನ್ನುತ್ತಿದ್ದರು. ಕಾರು ಗೆರೆಯ ಮೇಲೆ ಬಂದು ಮೆತ್ತಗೆ ನಿಲ್ಲುತ್ತಿತ್ತು. ಪಾಸು. ನಮ್ಮಲ್ಲಿ ಫೇಲಾದವರು ಅಪರೂಪ, ಅದೂ ಸಿಗ್ನಲ್ ಹಾಕಲು ಮರೆತವರು.

ಹೋದ ವರ್ಷ ಹಳೆಯವರು ನಿವೃತ್ತರಾಗಿ ಹೊಸ ಇನ್ಸ್‌ಪೆಕ್ಟರಮ್ಮ ಬಂದರು. ಬಂದ ವಾರವೇ ನಮ್ಮ ನಾಲ್ಕು ಜನರ ಪರೀಕ್ಷೆ. ನಾಲ್ವರಲ್ಲಿ ಒಬ್ಬಳು ಅಕ್ಕನ ಮಗಳು.

ಅವಳು ಆಸ್ಪತ್ರೆಯಲ್ಲಿ ನರ್ಸು. ಆರು ವರ್ಷ ವಾರ್ಡಿನಲ್ಲಿ ದುಡಿದು, ಕಡೆಗೆ ಅವಳು ಆಸೆಪಟ್ಟ ಕೆಲಸ ಕೈಗೆ ಬಂದಿತ್ತು. ಹಾಸಿಗೆ ಬಿಟ್ಟು ಏಳಲಾಗದ ರೋಗಿಗಳ ಮನೆಗೇ ಹೋಗಿ ಹುಣ್ಣಿಗೆ ಪಟ್ಟಿ ಕಟ್ಟುವುದು, ಔಷಧಿ ಕೊಡುವುದು. ಆಸ್ಪತ್ರೆಯವರು ಸಣ್ಣ ಕಾರು ಕೊಡುತ್ತಾರೆ, ಒಬ್ಬಳೇ ಓಡಿಸಿಕೊಂಡು ಹೋಗಬೇಕು. ಕಲಿಯುವವರ ಲೈಸೆನ್ಸು ಅಲ್ಲಿ ಯಾವ ಮೂಲೆಗೂ ಸಾಲದು. ಮುಂದಿನ ತಿಂಗಳ ಒಂದನೇ ತಾರೀಕಿನೊಳಗೆ ಪೂರ್ತಿ ಲೈಸೆನ್ಸು ತೋರಿಸದಿದ್ದರೆ ಜಾಗ ಪಟ್ಟಿಯಲ್ಲಿರುವ ಮುಂದಿನವಳಿಗೆ ಎಂದು ಮೇಲಿನವರು ಹೇಳಿಬಿಟ್ಟಿದ್ದರು. ಅವಳಿಗೆ ಚಿಂತೆ ಇರಲಿಲ್ಲ. ಗಾಜಿನ ಮೇಷ್ಟ್ರ ಮಗಳು ಫೇಲಾಗುವುದುಂಟೆ?

ಪರೀಕ್ಷೆಯ ಮೈದಾನದಲ್ಲಿ ಇನ್ಸ್‌ಪೆಕ್ಟರಮ್ಮ ಮೊದಲು ಮಾಡಿದ ಕೆಲಸ ಮುಂದಿನ ಬಾಗಿಲು ತೆಗೆದು ಭಾವನನ್ನು ಇಳಿಸಿದ್ದು.

"ಪಕ್ಕದಲ್ಲಿ ನಾನಿರಬೇಕಲ್ಲ ಮೇಡಂ, ನಿಯಮ ಇದೆ" ಅಂದರು ಭಾವ.

"ಲೈಸೆನ್ಸ್ ಇರೋರು ಇರಬೇಕು ಅಂತ ನಿಯಮ. ನನ್ನ ಹತ್ರಾನೂ ಇದೆ. ಇಳೀರಿ."

ಭಾವ ಇಳಿದು ತಂತಿ ಬೇಲಿಯ ಈಚೆ ನನ್ನ ಪಕ್ಕ ಬಂದು ನಿಂತರು. ಮೊದಲನೆಯವನು ಒಬ್ಬ ಬಡಗಿ. ಕಾರು ಚೆನ್ನಾಗಿಯೇ ಹೊರಟಿತು, ತಿರುವು ತೆಗೆದುಕೊಂಡಿತು, ಬಿಳಿ ಗೆರೆಯ ಹತ್ತಿರ ಬಂತು, ಗೆರೆ ದಾಟಿತು, ಆಚೆಗಿನ ಖಾಲಿ ಡ್ರಮ್ಮಿನ ಕಡೆಗೇ ನಡೆಯಿತು. ಕಡೆಯ ಗಳಿಗೆಯಲ್ಲಿ ಇನ್ಸ್‌ಪೆಕ್ಟರಮ್ಮ ತಮ್ಮ ಕಡೆಯ ಬ್ರೇಕು ಒದ್ದ ರಭಸಕ್ಕೆ ಟೈರು ಕಿರುಚಿತು. ಎರಡನೆಯವರು ಕಾಲೇಜಿನಲ್ಲಿ ಪಾಠ ಮಾಡುವಾಕೆ. ಅದೇ ಗೆರೆ, ಅದೇ ಡ್ರಮ್ಮು. ಮೂರನೆಯವನೂ ಹಾಗೆಯೇ. ನಾಲ್ಕನೆಯವಳು ನಮ್ಮ ಹುಡುಗಿ. ಅವಳ ಸರದಿಯಲ್ಲಿ ಡ್ರಮ್ಮು ಉರುಳಿ ಬೇಲಿಗೆ ಬಂದು ಬಡಿಯಿತು.

ಇನ್ಸ್‌ಪೆಕ್ಟರಮ್ಮ ಇಳಿದವರೇ ಕಾರಿನ ಬಾಗಿಲು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು. ಆಮೇಲೆ ಬೇಲಿಯ ಹತ್ತಿರ ಬಂದರು. ಬೈಯುತ್ತಾರೆ ಅಂದುಕೊಂಡೆ. ಅವರು ಬೈಯಲಿಲ್ಲ, ಕೇಳಿದರು.

"ಮೇಷ್ಟ್ರೇ, ನಾಲ್ಕೂ ಜನಕ್ಕೆ ಗೇರ್ ಬರುತ್ತೆ, ಸಿಗ್ನಲ್ ಬರುತ್ತೆ, ಕನ್ನಡಿ ನೋಡೋಕೆ ಬರುತ್ತೆ. ಒಬ್ಬರಿಗೂ ಕಾರು ನಿಲ್ಲಿಸೋಕೆ ಬರಲ್ಲ. ಇವರಿಗೆ ಬ್ರೇಕ್ ಅಂದ್ರೇನು ಅಂತ ಹೇಳಿಕೊಟ್ಟಿದ್ದೀರಾ?"

"ಹೆದರ್ಕೊಂಡಿದ್ದಾರೆ ಮೇಡಂ" ಅಂದರು ಭಾವ. ಅವರಿಗೇ ಅದು ನಂಬಿಕೆಯಾದಂತೆ ಕಾಣಲಿಲ್ಲ.

ಮರುಪರೀಕ್ಷೆಗೆ ಏಳು ದಿನ ಕಾಯಬೇಕು. ಆಸ್ಪತ್ರೆಯ ಗಡುವಿಗೆ ಉಳಿದದ್ದು ಹನ್ನೆರಡು ದಿನ. ಎಂದರೆ ಅಕ್ಕನ ಮಗಳಿಗೆ ಇನ್ನೊಂದೇ ಅವಕಾಶ. ಮನೆಗೆ ಬರುವ ದಾರಿಯುದ್ದಕ್ಕೂ ಅವಳು ತನ್ನ ಬಲಗಾಲನ್ನೇ ನೋಡಿಕೊಂಡು ಕೂತಿದ್ದಳು. "ಕಾಲು ಬ್ರೇಕ್ ಮೇಲೇ ಇತ್ತು ಚಿಕ್ಕಮ್ಮ. ಯಾಕೆ ನಿಲ್ಲಲಿಲ್ಲ?" ಎಂದು ಮೂರು ಸಲ ಕೇಳಿದಳು. ನನಗೆ ಕಂಡದ್ದು ಒಂದೇ ಕಾರಣ, ಕಲಿಯುವವರ ಕಡೆಯ ಬ್ರೇಕು ಕೆಟ್ಟಿದೆ. ಮರುದಿನ ಬೆಳಿಗ್ಗೆಯೇ ಕಾರನ್ನು ಗ್ಯಾರೇಜಿಗೆ ಒಯ್ದೆವು, ಭಾವ ಮತ್ತು ನಾನು.

ನಮ್ಮ ಮೆಕ್ಯಾನಿಕ್ ದಪ್ಪ ಮನುಷ್ಯ, ಕಾರಿನಡಿ ಹೋದರೆ ಕಾಲೆರಡೇ ಹೊರಗೆ ಕಾಣುತ್ತವೆ, ಮಾತು ಮಾತ್ರ ನಿಲ್ಲುವುದಿಲ್ಲ. ಅರ್ಧ ಗಂಟೆ ನೋಡಿ ಹೊರಬಂದ. "ಬ್ರೇಕ್ ಬಂಗಾರದಂಗಿದೆ" ಅಂದ. ಮುಂದಿನ ಎರಡೂ ಬಾಗಿಲು ತೆಗೆದು, "ರಬ್ಬರ್ ಮಾತ್ರ ಹಾಕಿಸ್ಕೊಳ್ಳಿ ಮೇಷ್ಟ್ರೇ. ನಿಮ್ಮ ಕಡೇದು ಮತ್ತೆ ಸವೆದುಹೋಗಿದೆ."

ನಾನು ಬಗ್ಗಿ ನೋಡಿದೆ. ಭಾವನ ಕಡೆಯ ಪೆಡಲಿನ ರಬ್ಬರು ನಡುವೆ ಪೂರ್ತಿ ತೆಳ್ಳಗಾಗಿ ಒಳಗಿನ ಲೋಹ ಹೊಳೆಯುತ್ತಿತ್ತು. ಕಲಿಯುವವರ ಕಡೆಯ ರಬ್ಬರಿನ ಮೇಲೆ ಅಂಗಡಿಯಿಂದ ಬಂದಾಗಿನ ಗೀಟುಗಳು ಹೆಚ್ಚುಕಮ್ಮಿ ಹಾಗೆಯೇ ಇದ್ದವು.

"ಆ ಕಡೇದು ಯಾವಾಗ ಹಾಕಿದ್ದು?" ಎಂದು ಕೇಳಿದೆ.

"ಅದಾ? ಕಾರ್ ಜೊತೆ ಬಂದದ್ದು. ಒಂಬತ್ತು ವರ್ಷ ಆಯ್ತು. ಮೇಷ್ಟ್ರದ್ದು ಇದು ನಾಲ್ಕನೇ ರಬ್ಬರ್." ಅವನು ನಗುತ್ತಿದ್ದ. "ಓಡಿಸೋದೆಲ್ಲ ನಮ್ಮ ಮೇಷ್ಟ್ರೇ ಬಿಡಿ."

ನಾನೂ ನಗಲು ಹೋದೆ, ಬರಲಿಲ್ಲ. ಒಂಬತ್ತು ವರ್ಷ, ದಿನಕ್ಕೆ ಎಂಟು ಹತ್ತು ಜನ, ಒಬ್ಬೊಬ್ಬರು ಎಷ್ಟು ಸಲ ಕಾರು ನಿಲ್ಲಿಸಿರಬೇಕು! ಆ ರಬ್ಬರು ಹೇಳುತ್ತಿದ್ದುದು ಒಬ್ಬರೂ ಒತ್ತಿಲ್ಲವೆಂದು. ಭಾವ ಮೊದಲೇ ಒತ್ತಿರುತ್ತಿದ್ದರು. ಕಲಿಯುವವರ ಕಾಲಡಿಯ ಪೆಡಲು ತಾನೇ ಕೆಳಗೆ ಹೋಗುತ್ತಿತ್ತು, ಅವರ ಕಾಲು ಅದರ ಬೆನ್ನಿಗೆ ಹೋಗುತ್ತಿತ್ತು, ನಿಲ್ಲಿಸಿದ್ದು ತಾವೇ ಎಂದು ಅವರು ತಿಳಿದಿರುತ್ತಿದ್ದರು.

"ಬೇಕಂತಲೇ ಮಾಡ್ತಿದ್ರಾ ಭಾವ?" ಎಂದುಬಿಟ್ಟೆ. ಮೆಕ್ಯಾನಿಕ್ ನಗು ನಿಲ್ಲಿಸಿದ.

"ಇಲ್ಲ ಕಣೇ. ನನ್ನಾಣೆಗೂ ಇಲ್ಲ. ಯಾವಾಗಲೋ ಒಂದೊಂದ್ಸಲ, ತೀರಾ ಅಪಾಯ ಅನ್ನಿಸಿದ್ರೆ ಒತ್ತಿರಬಹುದು. ಅಷ್ಟೇ."

"ಒಂದೊಂದ್ಸಲಕ್ಕೆ ನಾಲ್ಕು ರಬ್ಬರ್ ಸವೆಯುತ್ತಾ?"

ಭಾವ ಆ ಪೆಡಲನ್ನು ಯಾರೋ ರಾತ್ರಿ ತಂದು ಅಲ್ಲಿ ಹಾಕಿಹೋಗಿದ್ದಾರೆ ಎಂಬಂತೆ ನೋಡುತ್ತಿದ್ದರು. ಅವರು ಸುಳ್ಳು ಹೇಳುತ್ತಿಲ್ಲವೆಂದು ನನಗೆ ಆಗ ಗೊತ್ತಾಯಿತು, ಅದರಿಂದ ಇನ್ನೂ ದಿಗಿಲಾಯಿತು. ಆ ಕಾಲಿನ ಮೇಲೆ ಅವರ ಹಿಡಿತವೇ ಇರಲಿಲ್ಲ.

ಅಷ್ಟರಲ್ಲಿ ನನಗೆ ಇನ್ನೊಂದು ಹೊಳೆಯಿತು. ನನ್ನ ಕೈಚೀಲದಲ್ಲೂ ಒಂದು ಲೈಸೆನ್ಸು ಇದೆ. ಹದಿನಾಲ್ಕು ವರ್ಷದ ಹಿಂದೆ, ಇದೇ ಭಾವನ ಹತ್ತಿರ ಕಲಿತು, ಮೊದಲ ಸಲಕ್ಕೇ ಪಾಸಾಗಿ ತೆಗೆದುಕೊಂಡದ್ದು. ಆಮೇಲೆ ಓಡಿಸುವ ಸಂದರ್ಭ ಬರಲಿಲ್ಲ. ಬ್ರೇಕಿನ ಬಗ್ಗೆ ಎರಡು ಸಾವಿರ ಜನಕ್ಕೆ ಕೋಲು ಹಿಡಿದು ಉಪದೇಶ ಮಾಡಿದವಳು ನಾನು.

"ನಿನ್ನ ಕಾರು ಕೊಡಪ್ಪ" ಅಂದೆ ಮೆಕ್ಯಾನಿಕ್‌ಗೆ. ಅವನದು ಮಾಮೂಲಿ ಕಾರು, ಬ್ರೇಕು ಒಂದೇ. ಗ್ಯಾರೇಜಿನ ಹಿಂದೆ ಖಾಲಿ ಜಾಗ, ಅದರ ಕೊನೆಗೆ ಹಳೆಯ ಟೈರುಗಳ ರಾಶಿ. ಅವನು ಪಕ್ಕ ಕೂತ. ನಾನು ಹೊರಟೆ. ಗೇರು ಹಾಕಿದೆ, ಎಲ್ಲ ನೆನಪಿತ್ತು. ಟೈರುಗಳು ಹತ್ತಿರ ಬಂದವು. ಕಾಲನ್ನು ಬ್ರೇಕಿನ ಮೇಲಿಟ್ಟೆ. ಇಟ್ಟುಕೊಂಡು, ಹೇಗೆ ಹೇಳಲಿ, ಕಾಯುತ್ತಾ ಕೂತೆ. ಪೆಡಲು ಕೆಳಗೆ ಹೋಗಲಿ ಎಂದು ಕಾಯುತ್ತಿದ್ದೆ! "ಅಕ್ಕಾ, ಒತ್ರೀ!" ಎಂದು ಅವನು ಕೂಗುವಷ್ಟರಲ್ಲಿ ನಾವು ರಾಶಿಯೊಳಗಿದ್ದೆವು. ಒಂದು ಟೈರು ಉರುಳಿ ಬಂದು ಗಾಜಿನ ಮೇಲೆ ಕೂತಿತು. ಯಾರಿಗೂ ಏನೂ ಆಗಲಿಲ್ಲ. ನಾನು ಸ್ಟೇರಿಂಗ್ ಹಿಡಿದುಕೊಂಡು ಹಾಗೆಯೇ ಕೂತಿದ್ದೆ. ನನಗೂ ಬರುವುದಿಲ್ಲ. ಹದಿನಾಲ್ಕು ವರ್ಷದಿಂದ ನನಗೂ ಬರುವುದಿಲ್ಲ.

ಕನ್ನಡಿಯಲ್ಲಿ ಭಾವ ಕಾಣುತ್ತಿದ್ದರು. ಅಷ್ಟು ದೂರದಲ್ಲಿ ನಿಂತುಕೊಂಡು, ಬಲಗಾಲನ್ನು ಮುಂದೆ ಚಾಚಿ, ನೆಲವನ್ನು ಬಲವಾಗಿ ಮೆಟ್ಟಿದ್ದರು. ನಾನು ನೋಡುತ್ತಿರುವುದು ಅವರಿಗೂ ಗೊತ್ತಾಯಿತು. ತಾವೂ ಕೆಳಗೆ ನೋಡಿಕೊಂಡರು. ಆ ಕಾಲನ್ನು ನಿಧಾನವಾಗಿ ಹಿಂದಕ್ಕೆ ಎಳೆದುಕೊಂಡರು.

ಮಧ್ಯಾಹ್ನ ಭಾವ ಊಟ ಬಿಟ್ಟರು. ಅಕ್ಕ ಕೇಳಿದ್ದಕ್ಕೆ ಹಸಿವಿಲ್ಲ ಎಂದರು. ನನ್ನ ಮೇಜಿನ ಹತ್ತಿರ ಬಂದು ಹಳೆಯ ದಾಖಲೆ ಪುಸ್ತಕ ಇಸಿದುಕೊಂಡು, ಬೆರಳಿಟ್ಟು ಹೆಸರುಗಳನ್ನು ಓದಿದರು. "ಇವರೆಲ್ಲ ಎಲ್ಲಿದ್ದಾರೆ ಈಗ?" ಅಂದರು. "ಎಲ್ಲಿರ್ತಾರೆ, ರಸ್ತೆ ಮೇಲೆ" ಅಂದೆ. ನಾನು ತಮಾಷೆಗೆ ಹೇಳಿದ್ದಲ್ಲ, ಚುಚ್ಚಲೂ ಅಲ್ಲ, ಬಾಯಿಗೆ ಬಂದದ್ದು ಅದು.

"ಕನ್ನಡಕದ ಅಂಗಡಿಯವರು ಹತ್ತಿರದಲ್ಲೇ ಇದ್ದಾರೆ. ಬಾ" ಎಂದು ಚಪ್ಪಲಿ ಮೆಟ್ಟಿದರು.

ಕನ್ನಡಕದ ಅಂಗಡಿಯವನು ಏಳು ವರ್ಷದ ಹಿಂದೆ ನಮ್ಮಲ್ಲಿ ಕಲಿತವನು. ನಯವಾದ ಮನುಷ್ಯ, ದಾರಿಯಲ್ಲಿ ಎಲ್ಲಿ ಸಿಕ್ಕರೂ ಭಾವನಿಗೆ ಕೈಮುಗಿಯುತ್ತಿದ್ದ. ಅಂಗಡಿಯ ಹಿಂದೆಯೇ ಮನೆ. ಹೋದಾಗ ಅವನು ಸಣ್ಣ ಮೊಳೆ ತಿರುಪುತ್ತಾ ಕೂತಿದ್ದ. ನಮ್ಮನ್ನು ನೋಡಿ ಎದ್ದು ಒಳಗೆ ಕರೆದೊಯ್ದ. ಅಂಗಳದಲ್ಲಿ ಕಾರಿರಲಿಲ್ಲ, ಕಾರು ನಿಲ್ಲಿಸುವ ಜಾಗದಲ್ಲಿ ಬಟ್ಟೆ ಒಣಗುತ್ತಿತ್ತು.

"ಕಾರು ಮಾರಿಬಿಟ್ರಾ?" ಎಂದು ಕೇಳಿದರು ಭಾವ.

"ನಿಮಗೆ ಗೊತ್ತಿಲ್ವಾ ಮೇಷ್ಟ್ರೇ?" ಅಂದ. ಆಮೇಲೆ ತಲೆ ತಗ್ಗಿಸಿದ. "ಹೇಗೆ ಗೊತ್ತಿರುತ್ತೆ, ನಾಚಿಕೆಯಾಗಿ ನಾನೇ ಹೇಳಿಲ್ಲ. ಲೈಸೆನ್ಸ್ ಬಂದು ಎಂಟನೇ ದಿನ. ಕಾರು ಒಳಗೆ ತರ್ತಿದ್ದೆ. ಇವಳು ಗೇಟು ತೆಗೆದು ನಿಂತಿದ್ದಳು."

ಆಗಲೇ ಅವನ ಹೆಂಡತಿ ನೀರಿನ ಲೋಟ ಹಿಡಿದು ಬಾಗಿಲಿಗೆ ಬಂದಳು. ಇನ್ನೊಂದು ಕೈಯಲ್ಲಿ ಊರುಗೋಲು. ಒಂದು ಕಾಲು ಮೊಣಕಾಲಿನಿಂದ ಕೆಳಗೆ ಹೊರಕ್ಕೆ ತಿರುಗಿಕೊಂಡಿತ್ತು. ನಾನು ಎದ್ದುಹೋಗಿ ಲೋಟ ತೆಗೆದುಕೊಂಡೆ. ಅದನ್ನು ಭಾವನ ಕೈಗೆ ಕೊಡುವ ಧೈರ್ಯ ನನಗಾಗಲಿಲ್ಲ, ನೆಲದ ಮೇಲಿಟ್ಟೆ.

"ಕಾಲು ಬ್ರೇಕ್ ಮೇಲೇ ಇತ್ತು ಮೇಷ್ಟ್ರೇ" ಅಂದ ಅವನು. "ಒತ್ತಲಿಲ್ಲ. ಯಾಕೆ ಒತ್ತಲಿಲ್ಲ ಅಂತ ಏಳು ವರ್ಷದಿಂದ ನನ್ನನ್ನೇ ಕೇಳ್ಕೋತಿದ್ದೀನಿ. ನಿಮ್ಮ ಪಕ್ಕ ಕೂತು ಓಡಿಸ್ದಾಗ ಒಂದು ದಿನ ಹೀಗಾಗಲಿಲ್ಲ. ನೀವು ಅಷ್ಟು ಚೆನ್ನಾಗಿ ಕಲಿಸಿದ್ರಿ."

ಭಾವ ಎದ್ದು ನಿಂತರು. ಹೇಳದೆ ಹೋಗಿಬಿಡುತ್ತಾರೇನೋ ಅಂದುಕೊಂಡೆ, ನಿಜ ಹೇಳಬೇಕೆಂದರೆ ನನಗೆ ಆ ಗಳಿಗೆಯಲ್ಲಿ ಬೇಕಾಗಿದ್ದೂ ಅದೇ. ಅವರು ಹೇಳಿದರು. ರಬ್ಬರಿನ ಸಂಗತಿ, ಕಂಬಿಯ ಸಂಗತಿ, ನಾಲ್ವರು ಫೇಲಾದದ್ದು, ನಾನು ಟೈರಿನೊಳಗೆ ನುಗ್ಗಿದ್ದು, ಒಂದನ್ನೂ ಬಿಡದೆ. "ನೀವು ಒಂದು ದಿನಾನೂ ಬ್ರೇಕ್ ಒತ್ತಿರಲಿಲ್ಲ. ಎಲ್ಲಾ ಸಲ ಒತ್ತಿದ್ದು ನಾನು. ನಿಮಗೆ ಕಲಿಸದೇ ಕಳಿಸಿದೆ. ತಪ್ಪು ನಂದು."

ಕನ್ನಡಕದವನು ಕೇಳುತ್ತಾ ಕೇಳುತ್ತಾ ಮುಗುಳ್ನಗಲು ಶುರುಮಾಡಿದ. "ನಿಮ್ಮದು ದೊಡ್ಡ ಮನಸ್ಸು ಮೇಷ್ಟ್ರೇ. ನನ್ನ ಸಂಕಟ ನೋಡಲಾರದೆ ತಪ್ಪನ್ನ ನಿಮ್ಮ ಮೇಲೆ ಹಾಕ್ಕೋತಿದ್ದೀರಿ. ಬೇಡ."

"ಅಲ್ಲಪ್ಪಾ, ನಿಜ."

"ಇರ್ಲಿ ಬಿಡಿ ಮೇಷ್ಟ್ರೇ."

ಅವನ ಹೆಂಡತಿ ನಗಲಿಲ್ಲ. ಅವಳು ಭಾವನ ಪಾದವನ್ನು ನೋಡುತ್ತಿದ್ದಳು, ಆಮೇಲೆ ಮುಖ ನೋಡಿದಳು.

"ಅವರು ನಿಜಾನೇ ಹೇಳ್ತಿದ್ದಾರೆ ರೀ" ಅಂದಳು. ಗಂಡನ ನಗು ಅಲ್ಲಿಗೇ ನಿಂತಿತು. "ಕಾಲು ಹೋಗಿದ್ದು ಹೋಯ್ತು. ಏಳು ವರ್ಷ ಆಯ್ತು ಮೇಷ್ಟ್ರೇ, ನಾನು ಇವರ ಜೊತೆ ಮನಸ್ಸು ಬಿಚ್ಚಿ ಒಂದು ಮಾತಾಡಿಲ್ಲ. ನನ್ನ ನೋಡ್ತಾ ನೋಡ್ತಾ ನಿಲ್ಲಿಸಲಿಲ್ಲವಲ್ಲ ಅಂತ. ಆ ಏಳು ವರ್ಷಾನ ಯಾರ ಹತ್ರ ಕೇಳಲಿ?"

ಕನ್ನಡಕದವನು ಹೆಂಡತಿಯನ್ನು ಮೊದಲ ಸಲ ನೋಡುವವನ ಹಾಗೆ ನೋಡುತ್ತಾ ನಿಂತಿದ್ದ. ಕಡೆಗೆ ಅವಳೇ, "ಹೋಗಿ ಬನ್ನಿ" ಅಂದಳು. ಕ್ಷಮಿಸಿದ್ದೇನೆ ಅನ್ನಲಿಲ್ಲ, ಅನ್ನಬೇಕಾಗಿಯೂ ಇರಲಿಲ್ಲ.

ಮನೆಯಲ್ಲಿ ಅಕ್ಕನ ಮಗಳು ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಮೆಕ್ಯಾನಿಕ್ ಅವಳಿಗೆ ಎಲ್ಲ ಹೇಳಿದ್ದ. ಅಪ್ಪನ ಮೇಲೆ ಹಾರಾಡುತ್ತಾಳೆ ಎಂದು ನಾನು ಸೆರಗು ಬಿಗಿದುಕೊಂಡು ಸಿದ್ಧಳಾದೆ. ಅವಳು ನರ್ಸು, ಕೆಟ್ಟ ಸುದ್ದಿಯನ್ನು ನೇರವಾಗಿ ಹೇಳಿ ಅಭ್ಯಾಸ.

"ಅಪ್ಪಾ, ಇನ್ನು ಆರು ದಿನ ಇದೆ. ನಾನು ಮೊದಲಿಂದ ಕಲೀಬೇಕು. ನಿನ್ನ ಹತ್ರ ಅಲ್ಲ."

"ನಾನು ಕಾಲು ಮೇಲಿಟ್ಕೊಂಡು ಕೂತ್ಕೋತೀನಿ ಕಂದ. ಒತ್ತಲ್ಲ."

"ನೀನು ಒತ್ತೋದು ಬಿಡು. ನೀನು ಪಕ್ಕದಲ್ಲಿದ್ರೆ ನನ್ನ ಕಾಲು ಕಾಯುತ್ತೆ. ಮೈದಾನದ ಹತ್ರಾನೂ ಬರಬೇಡ."

ಭಾವ ಕಾರಿನ ಕೀಲಿ ತೆಗೆದು ಅವಳ ಕೈಗಿಟ್ಟರು. ಆ ಕೀಲಿ ಇಪ್ಪತ್ತೆರಡು ವರ್ಷದಲ್ಲಿ ಬೇರೆಯವರ ಕೈಗೆ ಹೋದದ್ದನ್ನು ನಾನು ನೋಡಿರಲಿಲ್ಲ.

ಪಕ್ಕದ ಸೀಟಿಗೆ ಯಾರು ಎಂಬುದು ಮುಂದಿನ ಪ್ರಶ್ನೆ. ಲೈಸೆನ್ಸು ಇರುವವರು ಬೇಕು, ನಮ್ಮ ಭಾವನ ಹತ್ತಿರ ಕಲಿತಿರಬಾರದು. ಬೀದಿಯುದ್ದಕ್ಕೂ ಲೆಕ್ಕ ಹಾಕಿದೆವು. ಡಾಕ್ಟರು, ಅವರ ಹೆಂಡತಿ, ಹಾಲಿನವನು, ಪೋಸ್ಟಿನವನು, ಎದುರುಮನೆಯ ಅಣ್ಣತಮ್ಮಂದಿರು, ಎಲ್ಲರೂ ಗಾಜಿನ ಮೇಷ್ಟ್ರ ಶಿಷ್ಯರೇ! ನನಗೆ ತಲೆ ಸುತ್ತಿತು. ಕಡೆಗೆ ಸಿಕ್ಕವನು ಮೆಕ್ಯಾನಿಕ್ ಒಬ್ಬನೇ. ಅವನು ಬೇರೆ ಊರಿನಲ್ಲಿ, ಯಾರೂ ಕಲಿಸದೆ, ನಾಲ್ಕು ಗೋಡೆ ಒಡೆದು ತಾನೇ ಕಲಿತವನು.

ದಿನವೂ ಮುಂಜಾನೆ ಒಂದೇ ಬ್ರೇಕಿನ ಅವನ ಕಾರಿಗೆ ಎಲ್ ಬೋರ್ಡು ಕಟ್ಟಿ ಗ್ಯಾರೇಜಿನ ಹಿಂದೆ ಅಭ್ಯಾಸ. ನಾನು ದೂರದಲ್ಲಿ ನಿಂತು ನೋಡುತ್ತಿದ್ದೆ. ಮೊದಲ ದಿನ ಟೈರಿನ ರಾಶಿಗೆ ಒಂಬತ್ತು ಸಲ ಗುದ್ದಿದಳು. ಅವನು ಕೈಕಟ್ಟಿ ಕೂತು, "ಗುದ್ದಲಿ ಬಿಡಿ, ಟೈರಿಗೇನು ನೋವಾಗುತ್ತಾ" ಅನ್ನುತ್ತಿದ್ದ. ಎರಡನೆಯ ದಿನ ಐದು ಸಲ. ಮೂರನೆಯ ದಿನ ಎಷ್ಟು ಜೋರಾಗಿ ಬ್ರೇಕು ಒದ್ದಳೆಂದರೆ ಅವನ ಹಣೆ ಮುಂದಕ್ಕೆ ಬಡಿದು ಊದಿಕೊಂಡಿತು. ಇಬ್ಬರೂ ಇಳಿದು ಖುಷಿಯಿಂದ ಕೈ ಕೈ ಹೊಡೆದುಕೊಂಡರು. ನನಗೆ ಅಳು ಬಂತು. ಆ ದಿನಗಳಲ್ಲಿ ಭಾವ ಶಾಲೆಯ ಬಾಗಿಲು ತೆಗೆಯಲಿಲ್ಲ. ಪುಸ್ತಕದ ಹೆಸರುಗಳನ್ನು ಹಾಳೆಯಲ್ಲಿ ಬರೆದುಕೊಂಡು, ಒಬ್ಬೊಬ್ಬರ ಮನೆಗೂ ನಡೆದುಹೋಗಿ ಬರುತ್ತಿದ್ದರು. ಕೆಲವರು ನಕ್ಕರು, ಕೆಲವರು ಮುಖಕ್ಕೆ ಬಾಗಿಲು ಹಾಕಿದರು, ಬಹಳ ಜನ ತಮ್ಮ ತಮ್ಮ ಗೋಡೆ, ಗೇಟು, ಕಂಬಗಳ ಕಥೆ ಹೇಳಿದರು. ಎಲ್ಲರೂ ತಪ್ಪು ತಮ್ಮದೇ ಎಂದು ನಂಬಿದ್ದರು.

ಮರುಪರೀಕ್ಷೆಯ ದಿನ ಬರಬೇಡ ಎಂದಿದ್ದರೂ ಭಾವ ಬಂದರು. ಮಗಳಿಗೆ ಕಾಣದ ಹಾಗೆ ಬೇಲಿಯ ಮೂಲೆಯಲ್ಲಿ, ಕಚೇರಿಯ ಗೋಡೆಯ ಮರೆಗೆ ನಿಂತರು. ಅದೇ ನಮ್ಮ ಕಾರು, ಅದೇ ಇನ್ಸ್‌ಪೆಕ್ಟರಮ್ಮ ಪಕ್ಕದಲ್ಲಿ. ಇದು ತಪ್ಪಿದರೆ ಆ ಕೆಲಸ ಬೇರೆಯವಳ ಪಾಲು. ಕಾರು ಹೊರಡುತ್ತಿದ್ದಂತೆ ಭಾವನ ಬಲಗಾಲು ಮುಂದೆ ಬಂತು. ಅವರು ಅದನ್ನು ನೋಡಿದವರೇ ನೆಲದ ಮೇಲೆ, ಮಣ್ಣಿನಲ್ಲೇ, ಚಕ್ಕಳಮಕ್ಕಳ ಹಾಕಿ ಕೂತರು. ಪಾದವನ್ನು ಎರಡೂ ಕೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು ಬಿಗಿಯಾಗಿ ಹಿಡಿದುಕೊಂಡರು. ಪಕ್ಕದಲ್ಲಿ ನಿಂತಿದ್ದವರು ತಿರುಗಿ ನೋಡಿದರು. ನೋಡಲಿ ಎಂದು ನಾನೂ ಅವರ ಪಕ್ಕ ಕೂತೆ.

ಕಾರು ತಿರುವು ತೆಗೆದುಕೊಂಡು ಬಿಳಿ ಗೆರೆಯ ಕಡೆ ಬಂತು. ಗೆರೆ ಇನ್ನೂ ದೂರವಿತ್ತು. ಆಗ ಕಚೇರಿಯ ಜವಾನ, ಗಲ್ಲದವರೆಗೆ ಕಡತ ಪೇರಿಸಿಕೊಂಡು, ಅತ್ತ ಇತ್ತ ನೋಡದೆ ಮೈದಾನಕ್ಕೆ ಅಡ್ಡ ಇಳಿದುಬಿಟ್ಟ. ನಾನು ಕಿರುಚಿದೆ. ಭಾವನ ಕೈಯ ನರಗಳು ಎದ್ದು ನಿಂತವು, ಪಾದ ಆ ಹಿಡಿತದೊಳಗೆ ಒದ್ದಾಡುತ್ತಿದ್ದುದು ನನಗೆ ಕಾಣುತ್ತಿತ್ತು. ಬಿಡಲಿಲ್ಲ.

ಟೈರು ಕಿರ್ರೆಂದಿತು. ಕಾರು ಮುಗ್ಗರಿಸಿ ನಿಂತಿತು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಏನೂ ಅಲ್ಲ, ಗಾಜಿನ ಲಾರಿಯಾಗಿದ್ದರೆ ಹಿಂದೆ ಒಂದು ಹಾಳೆ ಉಳಿಯುತ್ತಿರಲಿಲ್ಲ. ಜವಾನನಿಗೂ ಕಾರಿಗೂ ನಡುವೆ ಎರಡು ಮಾರು ಜಾಗವಿತ್ತು. ಅವನು ಚೆಲ್ಲಿದ ಕಡತಗಳನ್ನು ಬಾಚಿಕೊಂಡು ಬೈಯುತ್ತಾ ಹೋದ. ಒಳಗೆ ಇನ್ಸ್‌ಪೆಕ್ಟರಮ್ಮ ಎರಡೂ ಕೈ ಎತ್ತಿ, ತಮ್ಮ ಕಾಲುಗಳನ್ನು ಸೀಟಿನ ಅಂಚಿಗೆ ಎಳೆದುಕೊಂಡಿದ್ದನ್ನು ತೋರಿಸುತ್ತಾ, ನಮ್ಮ ಹುಡುಗಿಗೆ ಏನೋ ಹೇಳಿ ನಗುತ್ತಿದ್ದರು.

"ನಾನು ಒತ್ತಲಿಲ್ಲ ಕಣೇ" ಅಂದರು ಭಾವ.

"ನೋಡ್ದೆ ಭಾವ."

"ನಿಜವಾಗ್ಲೂ ನಾನು ಒತ್ತಲಿಲ್ಲ. ಅವಳೇ ನಿಲ್ಲಿಸಿದಳು. ಆರೇ ದಿನಕ್ಕೆ."

ಮೈದಾನದ ಆ ತುದಿಯಿಂದ ಅಕ್ಕನ ಮಗಳು ಕಾಗದವೊಂದನ್ನು ಎತ್ತಿ ಆಡಿಸುತ್ತಾ ಓಡಿ ಬರುತ್ತಿದ್ದಳು. ಪಾಸಾಗಿದ್ದಳು. ಏಳಿ ಭಾವ, ಮಗಳು ಬಂದಳು ಎಂದು ನಾನು ಅವರ ತೋಳು ಹಿಡಿದೆ. ಅವರು ಏಳಲಿಲ್ಲ. ಪಾದವನ್ನೂ ಬಿಡಲಿಲ್ಲ.

"ಹಾಗಾದ್ರೆ ಎಲ್ಲರಿಗೂ ಬರ್ತಿತ್ತು ಕಣೇ" ಅಂದರು. "ನಾನು ಬಿಟ್ಟಿದ್ರೆ ಎಲ್ಲರಿಗೂ ಬರ್ತಿತ್ತು."